ನಿಲ್ಲಿಸಿಟ್ಟ ಮೋಟಾರ್‌ಹೋಮ್‌ನಲ್ಲಿ ಡೀಸೆಲ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಒಳಗೆ ವಾಸಕ್ಕೆ ಅನುಕೂಲವಿರುವ ವಾಹನಗಳಾದ ಡೀಸೆಲ್ ಮೋಟಾರ್‌ಹೋಮ್‌ಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿ ಬಂದಾಗ ಇಂಧನದ ವಿಷಯದಲ್ಲಿ ಏನು ಎಚ್ಚರ ವಹಿಸಬೇಕೆಂದು ಕೇಳಿ ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಐದನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮೋಟಾರ್‌ಹೋಮ್‌ನ ಡೀಸೆಲ್ ಟ್ಯಾಂಕು 300 ಲೀಟರ್ ಹಿಡಿಯುತ್ತದೆ. ಮುಂದಿನ ಎಂಟು ತಿಂಗಳು ವಾಹನವನ್ನು ಹೊರತೆಗೆಯುವ ಸಂದರ್ಭ ಬರುವುದಿಲ್ಲ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ನಿಲ್ಲಿಸಿ ಎಂದು ಕೆಲವರು, ಪೂರ್ತಿ ಬರಿದು ಮಾಡಿ ನಿಲ್ಲಿಸುವುದೇ ಕ್ಷೇಮ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ? ಡೀಸೆಲ್ ಎಷ್ಟು ಕಾಲ ಕೆಡದೆ ಉಳಿಯುತ್ತದೆ? ಸ್ಟೆಬಿಲೈಸರ್ ಹಾಕುವ ಅಗತ್ಯವಿದೆಯೇ?

ಉತ್ತರ: ತುಂಬಿಸಿ ನಿಲ್ಲಿಸುವುದೇ ಸರಿ. ಆದರೆ ಕಂಠಮಟ್ಟ ಬೇಡ, ನೂರಕ್ಕೆ ತೊಂಬತ್ತೈದರಷ್ಟು ಸಾಕು. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಡೀಸೆಲ್‌ನ ಗಾತ್ರ ಸುಮಾರು ಶೇ 0.08ರಷ್ಟು ಹಿಗ್ಗುತ್ತದೆ. ತಂಪು ಹೊತ್ತಿನಲ್ಲಿ ತುಂಬಿಸಿದ 300 ಲೀಟರ್ ಇಂಧನ ಮುಂದೆ 25 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಇನ್ನೂ ಆರು ಲೀಟರ್‌ನಷ್ಟು ಜಾಗ ಬೇಡುತ್ತದೆ. ಆ ಜಾಗ ಇಲ್ಲದಿದ್ದರೆ ಟ್ಯಾಂಕಿನೊಳಕ್ಕೆ ಗಾಳಿ ಬಂದು ಹೋಗುವ ಬ್ರೀದರ್ ಪೈಪಿನಿಂದ ಹೊರಗೆ ಚೆಲ್ಲುತ್ತದೆ.

ಬರಿದು ಮಾಡಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬರಿದಾದ ಟ್ಯಾಂಕಿನಲ್ಲಿ ಡೀಸೆಲ್‌ನ ಪದರದ ರಕ್ಷಣೆ ಕಳೆದುಕೊಂಡ ಉಕ್ಕಿನ ಗೋಡೆಗೆ ತುಕ್ಕು ಹಿಡಿಯಬಹುದು, ಸೀಲುಗಳು ಒಣಗಿ ಸೆಟೆದುಕೊಳ್ಳಬಹುದು, ಮತ್ತೆ ತುಂಬಿಸಿದಾಗ ಇಂಧನದ ಸಾಲಿನಲ್ಲಿ ಸೇರಿಕೊಂಡ ಏರ್ ತೆಗೆಯುವುದೇ ಒಂದು ದೊಡ್ಡ ಕೆಲಸವಾಗುತ್ತದೆ. ಇಷ್ಟಾಗಿಯೂ ಟ್ಯಾಂಕಿನ ತಳದ ಮೂಲೆಗಳಲ್ಲಿ ಉಳಿದ ನಾಲ್ಕಾರು ಲೀಟರ್ ಇಂಧನ ಮತ್ತು ಅದರ ಅಡಿಯ ನೀರು ಹೊರಬಂದಿರುವುದಿಲ್ಲ. ಯಾವ ನೀರಿಗೆ ಹೆದರಿ ಟ್ಯಾಂಕನ್ನು ಬರಿದು ಮಾಡಿಸಿದಿರೋ ಅದೇ ನೀರು ಒಳಗೆ ಉಳಿದಿರುತ್ತದೆ.

ನಿಂತ ವಾಹನದ ಡೀಸೆಲ್ ಕೆಡುವುದಕ್ಕೆ ಕಾಲಕ್ಕಿಂತ ನೀರೇ ಹೆಚ್ಚು ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ; ಆದ್ದರಿಂದ ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಟ್ಯಾಂಕಿನ ಖಾಲಿ ಜಾಗದಲ್ಲಿರುವ ಗಾಳಿ ಹಗಲಿನಲ್ಲಿ ಹಿಗ್ಗಿ ಬ್ರೀದರ್ ಮೂಲಕ ಹೊರಹೋಗುತ್ತದೆ, ರಾತ್ರಿ ಕುಗ್ಗಿದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ. ನಿಮ್ಮ ಟ್ಯಾಂಕು ಅರ್ಧ ಖಾಲಿಯಿದ್ದು, ಹಗಲು ರಾತ್ರಿಯ ನಡುವೆ 15 ಡಿಗ್ರಿ ವ್ಯತ್ಯಾಸವಿದ್ದರೆ ದಿನಕ್ಕೆ ಏಳೆಂಟು ಲೀಟರ್ ಗಾಳಿ ಹೀಗೆ ಬಂದು ಹೋಗುತ್ತದೆ. 25 ಡಿಗ್ರಿ ತಾಪಮಾನದಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಒಂದು ಘನ ಮೀಟರಿಗೆ 23 ಗ್ರಾಂ ನೀರಿರುತ್ತದೆ. ಅಷ್ಟೂ ನೀರು ಒಳಗೇ ಇಳಿದುಹೋಯಿತೆಂದು ಇಟ್ಟುಕೊಂಡರೂ ದಿನಕ್ಕೆ 0.2 ಗ್ರಾಂ ದಾಟುವುದಿಲ್ಲ. ಎಂಟು ತಿಂಗಳಿಗೆ ನಲವತ್ತು ಗ್ರಾಂ ಆಸುಪಾಸು. ನಿಜದಲ್ಲಿ ಇದಕ್ಕಿಂತಲೂ ಕಡಿಮೆಯೇ ಇರುತ್ತದೆ.

ಇನ್ನೊಂದು ಮೂಲವನ್ನು ಜನ ಗಮನಿಸುವುದಿಲ್ಲ. ಡೀಸೆಲ್ ತಾನೇ ಸ್ವಲ್ಪ ನೀರನ್ನು ಕರಗಿಸಿಟ್ಟುಕೊಂಡಿರುತ್ತದೆ. ಯುರೋಪಿನ ಇಎನ್ 590 ಮಾನದಂಡ ಒಂದು ಕಿಲೋ ಡೀಸೆಲ್‌ನಲ್ಲಿ 200 ಮಿಲಿಗ್ರಾಂವರೆಗೆ ನೀರಿಗೆ ಅವಕಾಶ ಕೊಡುತ್ತದೆ. 300 ಲೀಟರ್ ಡೀಸೆಲ್ ಸುಮಾರು 250 ಕಿಲೋ ತೂಗುತ್ತದೆ. ಅಂದರೆ ಮಾನದಂಡದೊಳಗೇ ಇರುವ ಒಳ್ಳೆಯ ಇಂಧನದಲ್ಲಿಯೂ ಐವತ್ತು ಗ್ರಾಂವರೆಗೆ ನೀರು ಇರಬಹುದು. ಇಂಧನ ತಣ್ಣಗಾದಾಗ ಅದರ ಕರಗಿಸಿಕೊಳ್ಳುವ ಶಕ್ತಿ ಕುಗ್ಗಿ ಆ ನೀರಿನ ಒಂದು ಪಾಲು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಜೈವಿಕ ಡೀಸೆಲ್ ಬೆರೆತಿದ್ದರೆ ತೇವವನ್ನು ಹೀರಿಕೊಳ್ಳುವ ಗುಣ ಇನ್ನೂ ಹೆಚ್ಚು. ಯುರೋಪಿನ ಸಾಮಾನ್ಯ ಡೀಸೆಲ್‌ನಲ್ಲಿ ಶೇ 7ರವರೆಗೆ, ಅಮೆರಿಕದಲ್ಲಿ ಪ್ರತ್ಯೇಕ ಸೂಚನೆಯಿಲ್ಲದೆಯೇ ಶೇ 5ರವರೆಗೆ ಜೈವಿಕ ಡೀಸೆಲ್ ಬೆರೆಸಲು ಅವಕಾಶವಿರುವುದರಿಂದ ತಮ್ಮ ಟ್ಯಾಂಕಿನಲ್ಲಿ ಅದು ಇಲ್ಲವೆಂದು ಯಾರೂ ಭಾವಿಸುವಂತಿಲ್ಲ. ಶೇ 20ರಷ್ಟು ಬೆರಕೆಯ ಇಂಧನ ಸಿಗುವ ಕಡೆ, ದೀರ್ಘಕಾಲ ನಿಲ್ಲಿಸುವ ವಾಹನಕ್ಕೆ ಅದನ್ನು ಹಾಕಿಸದಿರುವುದು ಒಳ್ಳೆಯದು.

ಈ ಎರಡೂ ಲೆಕ್ಕಗಳನ್ನು ಮೀರಿಸುವ ಮೂರನೆಯ ದಾರಿ ಟ್ಯಾಂಕಿನ ಮುಚ್ಚಳ. ಮುಚ್ಚಳದ ರಬ್ಬರ್ ರಿಂಗು ಬಿರುಕು ಬಿಟ್ಟಿದ್ದು ಅದರ ಸುತ್ತ ಮಳೆನೀರು ನಿಲ್ಲುವಂತಿದ್ದರೆ, ಎಂಟು ತಿಂಗಳಲ್ಲಿ ಗಾಳಿಯಿಂದ ಬರುವಷ್ಟು ನೀರು ಒಂದೇ ರಾತ್ರಿಯಲ್ಲಿ ಒಳಗಿಳಿಯಬಹುದು. ಟ್ಯಾಂಕು ತುಂಬಿಸುವ ಚರ್ಚೆಗೆ ಕೊಡುವ ಮಹತ್ವದಲ್ಲಿ ಅರ್ಧದಷ್ಟನ್ನಾದರೂ ಈ ಪುಟ್ಟ ರಿಂಗಿಗೆ ಕೊಡಬೇಕೆಂದು ಎಲ್ಲ ಓದುಗರಲ್ಲಿ ವಿನಂತಿಸುತ್ತೇನೆ. ಬೆರಳಿನಿಂದ ಮುಟ್ಟಿ ನೋಡಿ. ಗಡಸಾಗಿದ್ದರೆ, ಚಪ್ಪಟೆಯಾಗಿದ್ದರೆ ಬದಲಿಸಿ. ವಾಹನಕ್ಕೆ ಸೂರಿಲ್ಲದಿದ್ದರೆ ಮುಚ್ಚಳದ ಭಾಗಕ್ಕೆ ಮಳೆ ನೇರವಾಗಿ ಬೀಳದಂತೆ ಹೊದಿಕೆ ಹಾಕಿ. ಆದರೆ ಬ್ರೀದರ್ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಕಣಜ, ಜೇಡಗಳು ಅದರೊಳಗೆ ಗೂಡು ಕಟ್ಟದಂತೆ ಸಣ್ಣ ಕಣ್ಣಿನ ಜಾಲರಿ ಕಟ್ಟಬಹುದು. ಬ್ರೀದರ್ ಕಟ್ಟಿಕೊಂಡರೆ ಎಂಜಿನ್ ಡೀಸೆಲ್ ಎಳೆದಂತೆಲ್ಲ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಸ್ವಲ್ಪ ದೂರ ಓಡಿದ ಮೇಲೆ ವಾಹನ ನಿಂತುಬಿಡುತ್ತದೆ.

ಇನ್ನು ಡೀಸೆಲ್‌ನ ಆಯುಷ್ಯ. 20 ಡಿಗ್ರಿ ಆಸುಪಾಸಿನ ತಂಪಿನಲ್ಲಿ, ನೀರಿನ ಸೋಂಕಿಲ್ಲದೆ ಇದ್ದರೆ ಒಳ್ಳೆಯ ಡೀಸೆಲ್ ಒಂದು ವರ್ಷ ನಿರಾತಂಕವಾಗಿ ಉಳಿಯುತ್ತದೆ. ತಾಪಮಾನ 30 ಡಿಗ್ರಿ ಮೀರುವ ಕಡೆ ಆರರಿಂದ ಹನ್ನೆರಡು ತಿಂಗಳು ಎಂದು ಎಣಿಸಬೇಕು. ಈ ಅವಧಿಯಲ್ಲಿ ನಡೆಯುವುದು ಉತ್ಕರ್ಷಣ: ಗಾಳಿಯ ಆಮ್ಲಜನಕ ಇಂಧನದ ಅಣುಗಳೊಡನೆ ಸೇರಿ ಅಂಟಿನಂಥ ವಸ್ತು ಮತ್ತು ಕಪ್ಪು ಗಸಿ ಹುಟ್ಟುತ್ತವೆ. ತಾಮ್ರ, ಹಿತ್ತಾಳೆ, ಸತುಗಳ ಸಂಪರ್ಕವಿದ್ದರೆ ಇದು ಚುರುಕಾಗುವುದರಿಂದ ಇಂಧನದ ಸಾಲಿನಲ್ಲಿ ಈ ಲೋಹಗಳ ಜೋಡಣೆಗಳನ್ನು ಹೊಸದಾಗಿ ಸೇರಿಸಬಾರದು.

ಸ್ಟೆಬಿಲೈಸರ್ ಈ ಉತ್ಕರ್ಷಣವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ನೀರನ್ನು ಅದು ತೆಗೆಯುವುದಿಲ್ಲ, ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಆಗಲೇ ಹಳಸಿದ ಡೀಸೆಲನ್ನು ಹೊಸದಾಗಿಸುವುದೂ ಇಲ್ಲ. ಎಂಟು ತಿಂಗಳಿಗೆ, ಅದೂ ತಂಪು ಪ್ರದೇಶವಾದರೆ, ಅದು ಕಡ್ಡಾಯವಲ್ಲ. ಬಿಸಿ ಪ್ರದೇಶದಲ್ಲಿ ಅಥವಾ ಒಂದು ವರ್ಷ ಮೀರುವ ಸಾಧ್ಯತೆಯಿದ್ದರೆ ಹಾಕಿರಿ. ಹಾಕುವುದಾದರೆ ಹೊಸ ಡೀಸೆಲ್ ತುಂಬಿಸುವ ಮೊದಲು ಅಳತೆ ಮಾಡಿ ಟ್ಯಾಂಕಿಗೆ ಸುರಿದು, ಅದರ ಮೇಲೆ ಡೀಸೆಲ್ ಬೀಳುವಂತೆ ಮಾಡಿದರೆ ಚೆನ್ನಾಗಿ ಬೆರೆಯುತ್ತದೆ. ಬಳಿಕ ವಾಹನವನ್ನು ಸ್ವಲ್ಪ ದೂರ ಓಡಿಸಿದರೆ ಫಿಲ್ಟರ್, ಪಂಪ್, ಇಂಜೆಕ್ಟರ್‌ಗಳಲ್ಲಿಯೂ ಅದೇ ಇಂಧನ ತುಂಬಿಕೊಳ್ಳುತ್ತದೆ. ನಿಲ್ಲಿಸುವ ದಿನ, ಡೀಸೆಲ್‌ನಿಂದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ತಳದ ತಿರುಪನ್ನು ಸಡಿಲಿಸಿ ಸೇರಿಕೊಂಡ ನೀರನ್ನು ಇಳಿಸಿಬಿಡಿ. ಒಂದು ಜೊತೆ ಹೊಸ ಫಿಲ್ಟರ್‌ಗಳನ್ನು ವಾಹನದಲ್ಲಿಯೇ ಇಟ್ಟಿರಿ.

ವರ್ಷಗಟ್ಟಲೆ ನಿಲ್ಲಿಸುವವರಿಗೆ ಒಂದು ಮಾತು. ಎರಡು ಮೂರು ವರ್ಷ ಒಂದೇ ಇಂಧನವನ್ನು ರಾಸಾಯನಿಕದ ಬಲದಿಂದ ಉಳಿಸಿಕೊಳ್ಳುವ ಪ್ರಯತ್ನ ಬೇಡ. ವರ್ಷಕ್ಕೊಮ್ಮೆಯಾದರೂ ವಾಹನವನ್ನು ಓಡಿಸಿ ಅರ್ಧ ಟ್ಯಾಂಕು ಖರ್ಚು ಮಾಡಿ ಹೊಸದನ್ನು ತುಂಬಿಸಿಕೊಳ್ಳಿ.

ಪ್ರಶ್ನೆ: ನಿಲ್ಲಿಸಿದ ವಾಹನವನ್ನು ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದೇನೆ. ಇದರಿಂದ ಡೀಸೆಲ್ ಕೆಡುವುದು ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ, ಬದಲಿಗೆ ಎಂಜಿನ್‌ಗೆ ತೊಂದರೆಯಾಗುತ್ತದೆ. ದೊಡ್ಡ ಡೀಸೆಲ್ ಎಂಜಿನ್ ನಿಂತಲ್ಲೇ ಹತ್ತು ನಿಮಿಷ ತಿರುಗಿದರೆ ಸರಿಯಾಗಿ ಬಿಸಿಯಾಗುವುದೇ ಇಲ್ಲ. ದಹನದಲ್ಲಿ ಹುಟ್ಟಿದ ನೀರಾವಿ ತಣ್ಣನೆಯ ಎಂಜಿನ್‌ನೊಳಗೆ ಹನಿಗಟ್ಟಿ ಆಯಿಲ್‌ಗೆ ಸೇರುತ್ತದೆ, ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಗುಂಟ ಜಾರಿ ಅದೇ ಆಯಿಲನ್ನು ತೆಳ್ಳಗೆ ಮಾಡುತ್ತದೆ, ಸೈಲೆನ್ಸರ್‌ನಲ್ಲಿಯೂ ನೀರು ನಿಲ್ಲುತ್ತದೆ. ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಇರುವ ವಾಹನಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಹಿಡಿದ ಮಸಿಯನ್ನು ಸುಟ್ಟು ತೆಗೆಯುವ ಕ್ರಿಯೆಗೆ 600 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು, ನಿಂತ ಎಂಜಿನ್ ಮಸಿಯನ್ನು ಕೂಡಿಸುತ್ತದೆಯೇ ಹೊರತು ಆ ಶಾಖವನ್ನು ಮುಟ್ಟುವುದಿಲ್ಲ. ಸ್ಟಾರ್ಟ್ ಮಾಡಲು ಖರ್ಚಾದಷ್ಟು ಚಾರ್ಜ್ ಕೂಡ ಬ್ಯಾಟರಿಗೆ ಮರಳಿ ಬರುವ ಖಾತರಿಯಿಲ್ಲ.

ತಿಂಗಳಿಗೊಮ್ಮೆ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಲು ಸಾಧ್ಯವಿದ್ದರೆ ಓಡಿಸಿರಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಟೈರ್ ಎಲ್ಲಕ್ಕೂ ಅದು ಹಿತ. ಸಾಧ್ಯವಿಲ್ಲದಿದ್ದರೆ, ಸಿದ್ಧತೆ ಸರಿಯಾಗಿ ಮಾಡಿ ಎಂಜಿನನ್ನು ಮುಟ್ಟದೆ ಬಿಡುವುದೇ ಮೇಲು.

ಪ್ರಶ್ನೆ: ಒಂದೂವರೆ ವರ್ಷ ನಿಂತಿದ್ದ ವಾಹನ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆದರೆ ಹೊರಟು ಅರ್ಧ ಗಂಟೆಯಲ್ಲಿ, ಏರು ಹತ್ತುವಾಗ ಪಿಕಪ್ ಇಲ್ಲದಂತಾಗಿ ನಿಂತಿತು. ಫಿಲ್ಟರ್ ಬಿಚ್ಚಿದಾಗ ಕಪ್ಪು ಲೋಳೆ ಮೆತ್ತಿಕೊಂಡಿತ್ತು. ಹೊಸ ಫಿಲ್ಟರ್ ಹಾಕಿದ ಮೇಲೆ ಸರಿಹೋಯಿತಾದರೂ ಮರುದಿನ ಅದೂ ಕಟ್ಟಿಕೊಂಡಿತು. ಟ್ಯಾಂಕಿಗೆ ಸೂಕ್ಷ್ಮಜೀವಿ ನಾಶಕ ಹಾಕಿದರೆ ಸಾಕೇ?

ಉತ್ತರ: ಸಾಲದು. ನಿಮ್ಮ ವಿವರಣೆಯನ್ನು ನೋಡಿದರೆ ಟ್ಯಾಂಕಿನ ತಳದಲ್ಲಿ ನೀರು ನಿಂತು, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾ ಬೆಳೆದಿರುವುದು ಬಹುಮಟ್ಟಿಗೆ ಖಚಿತ. ಇವುಗಳಲ್ಲಿ ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರ ಹೆಸರುವಾಸಿ. ವಿಮಾನಗಳ ಇಂಧನ ಟ್ಯಾಂಕುಗಳಲ್ಲಿಯೂ ಅದು ಕಾಟ ಕೊಟ್ಟಿದೆ. ಬೆಳಕಿನ ಅಗತ್ಯ ಇವುಗಳಿಗಿಲ್ಲ. ಬದುಕಲು ನೀರು ಬೇಕು, ಆಹಾರಕ್ಕೆ ಡೀಸೆಲ್‌ನ ಹೈಡ್ರೋಕಾರ್ಬನ್‌ಗಳಿವೆ. 25ರಿಂದ 35 ಡಿಗ್ರಿ ಬೆಚ್ಚಗಿನ ವಾತಾವರಣವಿದ್ದರೆ ಹುಲುಸಾಗಿ ಬೆಳೆದು ಚಾಪೆಯಂತೆ ಹರಡಿಕೊಳ್ಳುತ್ತವೆ. ಇವು ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ, ಗಂಧಕದ ಸಂಯುಕ್ತಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುವ ಬ್ಯಾಕ್ಟೀರಿಯಾಗಳೂ ಸೇರಿವೆ ಎಂದು ತಿಳಿಯಬೇಕು.

ವಾಹನ ಮನೆಯ ಮುಂದೆ ಚೆನ್ನಾಗಿ ಸ್ಟಾರ್ಟ್ ಆಗಿ ಏರಿನಲ್ಲಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ನಿಂತ ಟ್ಯಾಂಕಿನಲ್ಲಿ ಈ ಲೋಳೆ ತಳ ಹಿಡಿದಿರುತ್ತದೆ. ವಾಹನ ಕುಲುಕಿದಾಗ ಎದ್ದು ಇಂಧನದೊಡನೆ ಬೆರೆಯುತ್ತದೆ, ಭಾರ ಎಳೆಯುವಾಗ ಎಂಜಿನ್‌ಗೆ ಹೆಚ್ಚು ಡೀಸೆಲ್ ಬೇಕಾಗುತ್ತದೆ, ಕಟ್ಟಿಕೊಂಡ ಫಿಲ್ಟರ್ ಅಷ್ಟನ್ನು ಬಿಡುವುದಿಲ್ಲ.

ನಾಶಕ ಹಾಕಿದರೆ ಜೀವಿಗಳು ಸಾಯುತ್ತವೆ, ಆದರೆ ಅವುಗಳ ದೇಹ ಎಲ್ಲಿಗೂ ಹೋಗುವುದಿಲ್ಲ. ಗೋಡೆಗೆ ಅಂಟಿದ್ದ ಪದರವೂ ಸತ್ತು ಕಳಚಿ ಬಂದು ಫಿಲ್ಟರ್ ಇನ್ನೂ ಬೇಗ ಕಟ್ಟುತ್ತದೆ. ತಳದ ನೀರು ಹಾಗೆಯೇ ಉಳಿದರೆ ಕೆಲವು ತಿಂಗಳಲ್ಲಿ ಹೊಸ ಬೆಳೆ ಏಳುತ್ತದೆ. ಆದ್ದರಿಂದ ಮೊದಲು ನೀರು ತೆಗೆಯಬೇಕು. ಟ್ಯಾಂಕಿನ ತಳದಲ್ಲಿ ಡ್ರೇನ್ ತಿರುಪಿದ್ದರೆ, ವಾಹನವನ್ನು ಸಮತಟ್ಟಾದ ಕಡೆ ಒಂದೆರಡು ದಿನ ಅಲುಗಿಸದೆ ನಿಲ್ಲಿಸಿದ ಬಳಿಕ ಅಲ್ಲಿಂದ ಒಂದು ಲೀಟರನ್ನು ಪಾರದರ್ಶಕ ಗಾಜಿನ ಜಾಡಿಗೆ ಇಳಿಸಿರಿ. ತಿರುಪಿಲ್ಲದಿದ್ದರೆ ತಳ ಮುಟ್ಟುವ ಕೊಳವೆಯಿಂದ ಕೈಪಂಪಿನಲ್ಲಿ ಎಳೆಯಬೇಕು. ಜಾಡಿಯನ್ನು ಒಂದು ಗಂಟೆ ಬಿಟ್ಟು ನೋಡಿ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಅಡಿಯಲ್ಲಿ ನೀರು, ಅದರ ಮೇಲೆ ಕಂದು ಅಥವಾ ಕಪ್ಪು ಪದರ, ಮೇಲೆ ಮಬ್ಬಾದ ಇಂಧನ ಕಂಡರೆ ಇನ್ನು ಸಂಶಯಕ್ಕೆ ಎಡೆಯಿಲ್ಲ.

ಸೋಂಕು ಅಲ್ಪವಾಗಿದ್ದರೆ ತಳದ ನೀರನ್ನು ಪೂರ್ತಿ ಇಳಿಸಿ, ನಾಶಕವನ್ನು ಅದರ ತಯಾರಕರು ಚಿಕಿತ್ಸೆಗೆ ಹೇಳಿದ ಪ್ರಮಾಣದಲ್ಲಿ ಹಾಕಿ, ಅವರು ಸೂಚಿಸಿದಷ್ಟು ಹೊತ್ತು ಬಿಟ್ಟು, ಒಂದರ ಹಿಂದೊಂದರಂತೆ ಹಲವು ಫಿಲ್ಟರ್ ಬದಲಿಸುತ್ತ ದಾಟಿಬಿಡಬಹುದು. ಪ್ರಮಾಣ ಹೆಚ್ಚಿಸಿದರೆ ಹೆಚ್ಚು ಗುಣ ಸಿಗುವುದಿಲ್ಲ. ಈ ದ್ರವಗಳು ಚರ್ಮಕ್ಕೂ ಕಣ್ಣಿಗೂ ಬಹಳ ಅಪಾಯಕಾರಿಯಾದ್ದರಿಂದ ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟಬೇಡಿ. ನಿಮ್ಮಲ್ಲಿ ಎರಡನೆಯ ಫಿಲ್ಟರೂ ಒಂದೇ ದಿನದಲ್ಲಿ ಕಟ್ಟಿರುವುದರಿಂದ ಸೋಂಕು ಅಲ್ಪವೆಂದು ನನಗೆ ಅನ್ನಿಸುವುದಿಲ್ಲ. ಟ್ಯಾಂಕನ್ನು ಇಳಿಸಿ, ಒಳಗಿನ ಅಡ್ಡಗೋಡೆಗಳ ಮರೆಯೂ ಸೇರಿದಂತೆ ಉಜ್ಜಿ ತೊಳೆಸುವುದೇ ಶಾಶ್ವತ ಪರಿಹಾರ. ಇಂಧನವನ್ನು ಹೊರಗಿನ ಪಂಪಿನಿಂದ ಸುತ್ತಿಸಿ ಸೋಸುವ ಸೇವೆ ಕೆಲವೆಡೆ ಸಿಗುತ್ತದೆ. ನೀರು, ಗಸಿಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಡ್ಡಗೋಡೆಯ ಹಿಂದೆ ಅಂಟಿರುವುದನ್ನು ಅದು ಕೆರೆದು ತರಲಾರದು, ಉತ್ಕರ್ಷಣಗೊಂಡ ಡೀಸೆಲನ್ನು ಮೊದಲಿನ ಸ್ಥಿತಿಗೆ ಮರಳಿಸಲೂ ಆರದು.

ನೀರನ್ನು ಡೀಸೆಲ್‌ನಲ್ಲಿ ಬೆರೆಸಿ ಉರಿಸಿಬಿಡುತ್ತೇವೆ ಎನ್ನುವ ದ್ರವಗಳನ್ನು ದಯವಿಟ್ಟು ಬಳಸಬೇಡಿ. ಅವು ನೀರನ್ನು ಸೆಪರೇಟರ್‌ಗೆ ಸಿಗದಂತೆ ಸಣ್ಣ ಹನಿಗಳಾಗಿಸಿ ಮುಂದಕ್ಕೆ ಕಳಿಸುತ್ತವೆ. ಇಂಧನವನ್ನು ಭಾರೀ ಒತ್ತಡದಲ್ಲಿ ಇಂಜೆಕ್ಟರ್‌ಗಳಿಗೆ ಹಂಚುವ ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 1,600 ಬಾರ್‌ಗೂ ಮೀರಿರುತ್ತದೆ, ಇಂಜೆಕ್ಟರ್‌ನೊಳಗಿನ ಬಿಡುವು ಕೆಲವೇ ಮೈಕ್ರಾನ್ ಇರುತ್ತದೆ. ಅಲ್ಲಿಗೆ ತಲುಪಿದ ನೀರಿನಿಂದ ಆಗುವ ಹಾನಿ ಟ್ಯಾಂಕು ತೊಳೆಸುವ ಖರ್ಚಿಗಿಂತ ಬಹಳ ದೊಡ್ಡದು. ಇದೇ ಕಾರಣಕ್ಕೆ, ಎಂಜಿನ್‌ಗೆ ಹತ್ತಿರವಿರುವ ಕೊನೆಯ ಫಿಲ್ಟರನ್ನು ಬದಲಿಸುವಾಗ ಅದರೊಳಗೆ ಕ್ಯಾನಿನಿಂದ ಡೀಸೆಲ್ ಸುರಿದು ಹಾಕಬಾರದು. ಖಾಲಿ ಫಿಲ್ಟರನ್ನೇ ಕೂರಿಸಿ ಪ್ರೈಮಿಂಗ್ ಪಂಪಿನಿಂದ, ಹಿಂದಿನ ಫಿಲ್ಟರ್‌ನಲ್ಲಿ ಸೋಸಿದ ಇಂಧನವೇ ತುಂಬುವಂತೆ ಮಾಡಬೇಕು.

ಪ್ರಶ್ನೆ: ಬೇಸಗೆಯಲ್ಲಿ ತುಂಬಿಸಿದ ಟ್ಯಾಂಕಿನೊಡನೆ ವಾಹನ ಕಡು ಚಳಿಗಾಲವನ್ನು ಕಳೆಯಬೇಕಾಗಿದೆ. ಡೀಸೆಲ್ ಗಟ್ಟಿಯಾಗುತ್ತದೆಯೇ?

ಉತ್ತರ: ಸೊನ್ನೆಗಿಂತ ಬಹಳ ಕೆಳಗಿಳಿಯುವ ಪ್ರದೇಶವಾದರೆ ಆಗುತ್ತದೆ. ಡೀಸೆಲ್‌ನಲ್ಲಿರುವ ಪ್ಯಾರಫಿನ್ ಮೇಣ ಚಳಿಗೆ ಹರಳುಗಟ್ಟಿ ಫಿಲ್ಟರ್‌ಗೆ ಮೆತ್ತಿಕೊಳ್ಳುತ್ತದೆ. ಬೇಸಗೆಯ ಮತ್ತು ಚಳಿಗಾಲದ ಡೀಸೆಲ್ ಬೇರೆ ಬೇರೆ. ಇಎನ್ 590 ಮಾನದಂಡದಲ್ಲಿ ಫಿಲ್ಟರ್ ಕಟ್ಟುವ ತಾಪಮಾನದ ಮಿತಿ ಎ ದರ್ಜೆಗೆ +5 ಡಿಗ್ರಿಯಿದ್ದರೆ ಎಫ್ ದರ್ಜೆಗೆ −20 ಡಿಗ್ರಿಯಿದೆ. ಆದ್ದರಿಂದ ಚಳಿ ಶುರುವಾಗುವ ಮೊದಲು ಟ್ಯಾಂಕಿನ ಬಹುಪಾಲನ್ನು ಖರ್ಚು ಮಾಡಿ ಚಳಿಗಾಲದ ಡೀಸೆಲ್ ತುಂಬಿಸಿ ನಿಲ್ಲಿಸಿರಿ. ಮೇಣಗಟ್ಟದಂತೆ ತಡೆಯುವ ದ್ರವವನ್ನೂ ಮೊದಲೇ ಹಾಕಬೇಕು. ಕಟ್ಟಿದ ಮೇಣವನ್ನು ಅದು ಕರಗಿಸುವುದಿಲ್ಲ. ವಾಹನವನ್ನು ವಸಂತದವರೆಗೆ ಮುಟ್ಟುವುದೇ ಇಲ್ಲವೆಂದಾದರೆ ಆತಂಕ ಬೇಡ, ಬೆಚ್ಚಗಾದಾಗ ಮೇಣ ತಾನಾಗಿ ಕರಗುತ್ತದೆ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಲು ಹೋಗಬೇಡಿ.

ಪ್ರಶ್ನೆ: ಅದೇ ಟ್ಯಾಂಕಿನಿಂದ ನಡೆಯುವ ಜನರೇಟರ್ ಮತ್ತು ಡೀಸೆಲ್ ಹೀಟರ್‌ಗೆ ಬೇರೆ ಆರೈಕೆ ಬೇಕೇ? ಹೊಗೆಯ ಮಾಲಿನ್ಯ ತಗ್ಗಿಸುವ ಆಡ್‌ಬ್ಲೂ ದ್ರವದ ಟ್ಯಾಂಕನ್ನು ಏನು ಮಾಡಬೇಕು?

ಉತ್ತರ: ಎಂಜಿನನ್ನು ಮುಟ್ಟದೆ ಬಿಡಿ ಎಂದ ಮಾತು ಜನರೇಟರ್‌ಗೆ ಅನ್ವಯಿಸುವುದಿಲ್ಲ. ನಿಂತಲ್ಲೇ ಅದರ ಮೇಲೆ ನಿಜವಾದ ಲೋಡ್ ಹಾಕಬಹುದಾದ್ದರಿಂದ, ತಿಂಗಳಿಗೊಮ್ಮೆ ಅದರ ಸಾಮರ್ಥ್ಯದ ಅರ್ಧದಷ್ಟು ಲೋಡ್ ಕೊಟ್ಟು ಎರಡು ಗಂಟೆ ಓಡಿಸುವುದು ಒಳ್ಳೆಯ ಅಭ್ಯಾಸ. ಎಸಿ ಅಥವಾ ವಾಟರ್ ಹೀಟರ್ ಹಾಕಿಟ್ಟರೆ ಅಷ್ಟು ಲೋಡ್ ಬರುತ್ತದೆ. ಅನೇಕ ವಾಹನಗಳಲ್ಲಿ ಜನರೇಟರ್‌ನ ಕೊಳವೆ ಟ್ಯಾಂಕಿನ ಕಾಲು ಭಾಗದ ಮಟ್ಟದಲ್ಲಿಯೇ ನಿಲ್ಲುತ್ತದೆ. ಇಂಧನ ಅದಕ್ಕಿಂತ ಕೆಳಗಿಳಿದರೆ ಜನರೇಟರ್ ಏರ್ ಎಳೆದುಕೊಂಡು ನಿಲ್ಲುತ್ತದೆ, ಅದು ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಹೀಟರನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಉರಿಸಿ. ಇಲ್ಲದಿದ್ದರೆ ಅದರ ಪುಟ್ಟ ಪಂಪಿನಲ್ಲಿಯೂ ಬರ್ನರ್‌ನಲ್ಲಿಯೂ ಹಳಸಿದ ಡೀಸೆಲ್ ಅಂಟಾಗುತ್ತದೆ. ಎರಡನ್ನೂ ಮುಚ್ಚಿದ ಶೆಡ್ಡಿನೊಳಗೆ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಆಡ್‌ಬ್ಲೂ ಶೇ 32.5ರಷ್ಟು ಯೂರಿಯಾ ಬೆರೆತ ಶುದ್ಧ ನೀರು. ಐಎಸ್‌ಒ 22241 ಮಾನದಂಡದ ಪ್ರಕಾರ ಅದನ್ನು 25 ಡಿಗ್ರಿಯೊಳಗೆ ಇಟ್ಟರೆ 18 ತಿಂಗಳು, 30 ಡಿಗ್ರಿಯವರೆಗಾದರೆ 12 ತಿಂಗಳು, 35 ಡಿಗ್ರಿಯಾದರೆ ಆರೇ ತಿಂಗಳು ಬಾಳಿಕೆ. ಹಾಗಾಗಿ ಬಿಸಿ ಪ್ರದೇಶದಲ್ಲಿ ಅದನ್ನು ತುಂಬಿಸಿ ನಿಲ್ಲಿಸಿ ಲಾಭವಿಲ್ಲ. ಕಡಿಮೆ ಇರುವಾಗಲೇ ನಿಲ್ಲಿಸಿ, ಹೊರಡುವಾಗ ಹೊಸದನ್ನು ಸೇರಿಸಿಕೊಳ್ಳುವುದು ಜಾಣತನ. −11 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗುವುದರಿಂದ ಚಳಿ ಪ್ರದೇಶದಲ್ಲಿಯೂ ಕಂಠಮಟ್ಟ ಬೇಡ. ಮುಚ್ಚಳದ ಸುತ್ತ ಬಿಳಿಯ ಹರಳುಗಳು ಕಂಡರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಡೀಸೆಲ್ ಟ್ಯಾಂಕಿಗೆ ಕೈತಪ್ಪಿ ಆಡ್‌ಬ್ಲೂ ಸುರಿದದ್ದೇನಾದರೂ ಗಮನಕ್ಕೆ ಬಂದರೆ ಸ್ಟಾರ್ಟ್ ಮಾಡುವುದಿರಲಿ, ಕೀಲಿಯನ್ನೂ ತಿರುಗಿಸಬೇಡಿ. ಕೀಲಿ ತಿರುಗಿಸಿದೊಡನೆ ಟ್ಯಾಂಕಿನ ಪಂಪು ಅದನ್ನು ಸಾಲಿನೊಳಕ್ಕೆ ತಳ್ಳಬಹುದು. ಮೆಕ್ಯಾನಿಕ್‌ರನ್ನು ಕರೆಸಿ, ವಾಹನ ನಿಂತಲ್ಲೇ ಟ್ಯಾಂಕನ್ನು ಬರಿದು ಮಾಡಿಸಿ ತೊಳೆಸಿದ ಮೇಲೆಯೇ ಹೊಸ ಡೀಸೆಲ್ ತುಂಬಿಸಿರಿ.